ಹಾರ್ಸೋದು ಸರಿ, ಇಳ್ಸೋದು ಹೆಂಗೆ? – ಒಂದು ಆರ್‌ಸಿ ವಿಮಾನದ ಕಾಲಿನ ಕಥೆ



ಇವತ್ತು ವಿಮಾನದ ಬಗ್ಗೆ ಮಾತಾಡ್ತೀನಿ. ಟಿಕೆಟ್ ತಗೊಂಡು ಹತ್ತೋ ವಿಮಾನ ಅಲ್ಲ; ರಿಮೋಟ್ ಹಿಡ್ಕೊಂಡು ಹಾರಿಸೋ ಮಾಡೆಲ್ ವಿಮಾನ. ಅದರಲ್ಲೂ ಒಂದೇ ಒಂದು ಭಾಗದ ಬಗ್ಗೆ: ಲ್ಯಾಂಡಿಂಗ್ ಗೇರ್, ಅಂದ್ರೆ ವಿಮಾನದ ಕಾಲು ಮತ್ತು ಚಕ್ರ. ಆರ್‌ಸಿ ವಿಮಾನ ಮಾಡೋರು ಮೋಟರ್ ಬಗ್ಗೆ, ಬ್ಯಾಟರಿ ಬಗ್ಗೆ, ರೆಕ್ಕೆಯ ಆಕಾರದ ಬಗ್ಗೆ ಗಂಟೆಗಟ್ಟಲೆ ಮಾತಾಡ್ತಾರೆ. ಕಾಲಿನ ವಿಷಯ ಬಂದ್ರೆ ‘ಒಂದು ತಂತಿ ಬಗ್ಗಿಸಿ ಚಕ್ರ ಹಾಕಿ’ ಅಂತ ಮುಗಿಸಿಬಿಡ್ತಾರೆ. ನಾನೂ ಹಾಗೇ ಅಂದ್ಕೊಂಡಿದ್ದೆ. ಅದಕ್ಕೆ ತೆತ್ತ ಬೆಲೆ ಏನು ಅನ್ನೋದೇ ಈ ಕಥೆ.

ನಮ್ಮೂರು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಅಪ್ಪಯ್ಯ ಕೊನೆಗಾರರಾಗಿದ್ರು. ಮಲೆನಾಡಿನ ಹೊರಗಿನವರಿಗೆ ಹೇಳ್ತೀನಿ: ಕೊನೆ ಅಂದ್ರೆ ಅಡಿಕೆ ಗೊನೆ, ಅದನ್ನ ಕೊಯ್ಯೋನು ಕೊನೆಗಾರ. ಒಳ್ಳೆ ಕೊನೆಗಾರ ಪ್ರತಿ ಮರಕ್ಕೂ ಇಳಿದು ಹತ್ತೋದಿಲ್ಲ. ಮರದ ತುದೀಲಿ ಕೂತು, ಮರವನ್ನೇ ತೂಗಿ, ಪಕ್ಕದ ಮರ ಹಿಡಿದು ದಾಟಿಬಿಡ್ತಾನೆ. ಕೆಳಗೆ ನಿಂತು ನೋಡೋರಿಗೆ ಎದೆ ಝಲ್ ಅನ್ನತ್ತೆ. ನಾನು ಪಿಯುಸಿಯಲ್ಲಿದ್ದಾಗ ಅಪ್ಪಯ್ಯ ಒಂದು ಮರದಿಂದ ಬಿದ್ರು. ಸೊಂಟ, ಎಡಗಾಲು ಎರಡಕ್ಕೂ ಪೆಟ್ಟಾಯ್ತು. ಆಮೇಲೆ ಮರ ಹತ್ತಲಿಲ್ಲ. ಈಗ ನಮ್ಮ ಕಡೆ ಎಲ್ಲ ಕಾರ್ಬನ್ ಫೈಬರ್ ದೋಟಿ ಬಂದಿದೆಯಲ್ಲ, ನೆಲದ ಮೇಲೆ ನಿಂತೇ ಔಷಧಿ ಹೊಡಿಯೋದು, ಕೊನೆ ಕೊಯ್ಯೋದು. ಅಪ್ಪಯ್ಯ ಅದನ್ನ ಕಲಿತ್ರು. ಬಿದ್ದ ದಿನದ ಬಗ್ಗೆ ಮಾತ್ರ ಮನೇಲಿ ಒಂದು ಮಾತೂ ಆಡ್ತಿರಲಿಲ್ಲ. ನಾವೂ ಕೇಳ್ತಿರಲಿಲ್ಲ.

ನಾನು ಸಾಗರದಲ್ಲಿ ರೂಮ್ ಮಾಡ್ಕೊಂಡು ಓದ್ತಿದ್ದಾಗ ಈ ವಿಮಾನದ ಹುಚ್ಚು ಹಿಡೀತು. ಎರಡು ಸೀಸನ್ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದ ದುಡ್ಡಲ್ಲಿ ಮೋಟರ್, ಬ್ಯಾಟರಿ, ರಿಮೋಟ್, ರಿಸೀವರ್ ತಗೊಂಡೆ. ಸನ್‌ಬೋರ್ಡ್ ಕತ್ತರಿಸಿ ದೇಹ, ರೆಕ್ಕೆ ಮಾಡಿದೆ. ರೆಕ್ಕೆಯ ಅಗಲ 1.2 ಮೀಟರ್, ಬ್ಯಾಟರಿ ಸೇರಿ ಒಟ್ಟು ತೂಕ 900 ಗ್ರಾಂ. ಕಾಲಿಗೆ ಏನು ಹಾಕೋದು? ಮನೇಲಿ ಮುರಿದ ದೋಟಿಯ ತುಂಡು ಬಿದ್ದಿತ್ತು. ಕಾರ್ಬನ್ ಫೈಬರ್! ಹಗುರ, ಗಟ್ಟಿ, ಮೇಲಾಗಿ ಪುಕ್ಕಟೆ. ಅದರಲ್ಲೇ ಎರಡು ಕಾಲು ಕೊಯ್ದು, ವಿಮಾನದ ಹೊಟ್ಟೆಗೆ ಎಪಾಕ್ಸಿ ಹಾಕಿ ಭದ್ರವಾಗಿ ಅಂಟಿಸಿದೆ. ಅಲ್ಲಾಡಿಸಿದ್ರೂ ಅಲ್ಲಾಡ್ತಿರಲಿಲ್ಲ. ಅಪ್ಪಯ್ಯ ಅದನ್ನ ತಿರುಗಿಸಿ ನೋಡಿ ಒಂದೇ ಪ್ರಶ್ನೆ ಕೇಳಿದ್ರು: “ಹಾರ್ಸೋದು ಸರಿ ಮಾರಾಯ, ಇಳ್ಸೋದು ಹೆಂಗೆ?”

ಜನವರಿ. ಕೊಯ್ಲು ಮುಗಿದ ಗದ್ದೆ. ಅಪ್ಪಯ್ಯ ಗದ್ದೆ ಅಂಚಿನ ಮೇಲೆ ಕೂತಿದ್ರು. ವಿಮಾನ ಹಾರ್ತು. ನಾಲ್ಕು ನಿಮಿಷ ಚೆನ್ನಾಗೇ ಹಾರ್ತು. ಇಳಿಸುವಾಗ ನೆಲದಿಂದ ಒಂದು ಅಡಿ ಮೇಲೆ ವೇಗ ಸತ್ತುಹೋಗಿ ಧಪ್ ಅಂತ ಬಿತ್ತು. ಒಂದೇ ಒಂದು ಅಡಿ! ಹೊಟ್ಟೆ ಕಿತ್ತು ಬಂತು, ಬ್ಯಾಟರಿ ಹೊರಗೆ ಹಾರ್ತು, ರಿಸೀವರ್ ವೈರ್ ಹರೀತು, ಮೂತಿ ಮುರೀತು. ಎರಡು ಸೀಸನ್ ದುಡಿಮೆ ಗದ್ದೇಲಿ ಚೂರು ಚೂರಾಗಿ ಬಿದ್ದಿತ್ತು. ಅಳು ಬರೋದೊಂದು ಬಾಕಿ.

ಅಪ್ಪಯ್ಯ ಕುಂಟ್ಕೊಂಡು ಬಂದು ಕಾಲಿನ ಭಾಗ ಮಾತ್ರ ಎತ್ಕೊಂಡ್ರು. “ಇದಕ್ಕೆ ಎಂತದೂ ಆಗ್ಲಿಲ್ಲ ನೋಡು” ಅಂದ್ರು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಅಂದ್ರು: “ಇದಕ್ಕೆ ಎಂತದೂ ಆಗ್ದೇ ಇದ್ದಿದ್ದಕ್ಕೇ ಹೊಟ್ಟೆ ಹೋಯ್ತು. ಹಸಿ ಮರ ನಮ್ಮನ್ನ ಹೊತ್ಕೊಂಡೇ ಬಗ್ತದೆ, ಅದ್ಕೇ ನಾವು ಉಳಿಯೋದು. ಅವತ್ತು ನಾನು ಹತ್ತಿದ ಮರ ಒಳಗೆ ಒಣಗಿತ್ತು. ಬಗ್ಗಲಿಲ್ಲ.”

ಬಿದ್ದ ದಿನದ ಬಗ್ಗೆ ಅವರು ಬಾಯಿ ಬಿಟ್ಟಿದ್ದು ಅದೇ ಮೊದಲು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎದ್ದು ಕೂತು ಲೆಕ್ಕ ಮಾಡಿದೆ. ಆ ಲೆಕ್ಕ ನಿಮಗೂ ಹೇಳ್ತೀನಿ, ಬಾಯಿಲೆಕ್ಕದಲ್ಲೇ ಆಗತ್ತೆ.

900 ಗ್ರಾಂ ವಿಮಾನ 30 ಸೆಂ.ಮೀ. ಎತ್ತರದಿಂದ ಬೀಳ್ತು. ಆ ಶಕ್ತಿ ಎಲ್ಲಾದರೂ ಖರ್ಚಾಗಲೇಬೇಕು. ಕಾಲು ಬಗ್ಗದೇ, ವಿಮಾನ ಬರೀ 3 ಮಿ.ಮೀ. ಒಳಗೆ ನಿಂತುಬಿಟ್ರೆ, ಬಿದ್ದ ಎತ್ತರ ನಿಂತ ದೂರದ ನೂರು ಪಟ್ಟು ಆಯ್ತು. ಅಂದ್ರೆ ಹೊಟ್ಟೆ ಮೇಲೆ ಬೀಳೋ ಸರಾಸರಿ ಭಾರ ಸುಮಾರು 90 ಕೆ.ಜಿ. ಒಬ್ಬ ದಪ್ಪ ಮನುಷ್ಯ ಸನ್‌ಬೋರ್ಡ್ ಮೇಲೆ ಹತ್ತಿ ನಿಂತ ಹಾಗೆ. ಅದೇ ಕಾಲು ಬಗ್ಗಿ 3 ಸೆಂ.ಮೀ. ದೂರದಲ್ಲಿ ನಿಲ್ಲಿಸಿದ್ರೆ? ಭಾರ ಹತ್ತರಲ್ಲಿ ಒಂದು ಭಾಗ, 9 ಕೆ.ಜಿ. ಅಷ್ಟೇ. ಬಿದ್ದ ಎತ್ತರ ಅದೇ, ವಿಮಾನವೂ ಅದೇ. ವ್ಯತ್ಯಾಸ ಇರೋದು ಬಗ್ಗೋದರಲ್ಲಿ. ಅಂಗಡಿಯಲ್ಲಿ ಸಿಗೋ ಕಾರ್ಬನ್ ಫೈಬರ್ ಕಾಲುಗಳನ್ನೂ ಚಪ್ಪಟೆ ಪಟ್ಟಿ ಥರ ಮಾಡಿರ್ತಾರೆ, ಅವು ಬಗ್ತವೆ. ನಾನು ಹಾಕಿದ್ದು ಕೊಳವೆ. ಕೊಳವೆ ಬಗ್ಗೋಕೆ ಹುಟ್ಟಿದ್ದಲ್ಲ.

ಸರಿ, ಬಗ್ಗೋ ಕಾಲು ಬೇಕು. ಅಕ್ಕನ ಮನೆ ತೀರ್ಥಹಳ್ಳಿ. ಅಲ್ಲಿಗೆ ಹೋದಾಗ ಒಂದು ಸೈಕಲ್ ಅಂಗಡಿಯಿಂದ ಹಳೇ ಸ್ಪೋಕ್ ತಂದೆ, 2 ಮಿ.ಮೀ. ದಪ್ಪದ್ದು. ಬಗ್ಗಿಸಿ ಕಾಲು ಮಾಡಿ ವಿಮಾನ ನಿಲ್ಲಿಸಿದ್ರೆ, ಆಗಷ್ಟೇ ಹುಟ್ಟಿದ ಕರು ಥರ ಕಾಲು ಅಗಲಿಸ್ಕೊಂಡು ಕೂತುಬಿಡ್ತು. ಅಂಗಡಿಯವರಿಗೆ ತೋರಿಸಿದೆ. ಅವರು ನಕ್ಕು, “ಸ್ಪೋಕ್ ಮಾಡಿರೋದು ಎಳೆತ ತಡೆಯಕ್ಕೆ ಕಣೋ ತಮ್ಮಾ. ನಿಂಗೆ ಬೇಕಾಗಿದ್ದು ಸ್ಪ್ರಿಂಗು” ಅಂದ್ರು.

ಕೊನೆಗೆ 3 ಮಿ.ಮೀ. ಪಿಯಾನೋ ವೈರ್ ತರಿಸಿದೆ. ಹೆಸರು ಪಿಯಾನೋ, ವಿಷಯ ಸ್ಪ್ರಿಂಗ್ ಉಕ್ಕಿನ ತಂತಿ. ಬರೀ 1 ಮಿ.ಮೀ. ಹೆಚ್ಚಾದ್ರೆ ಏನಾಗತ್ತೆ ಅಂದ್ಕೋಬೇಡಿ. ತಂತಿಯ ಬಿಗಿತ ಅದರ ದಪ್ಪದ ನಾಲ್ಕನೇ ಘಾತದ ಪ್ರಕಾರ ಏರತ್ತೆ. ಎರಡರ ನಾಲ್ಕನೇ ಘಾತ 16, ಮೂರರದ್ದು 81. ಅಂದ್ರೆ ಐದು ಪಟ್ಟು ಬಿಗಿ. ಅರ್ಧ ಮೀಟರ್ ತಂತಿಯ ತೂಕ ಸುಮಾರು 28 ಗ್ರಾಂ, ಅಷ್ಟೇ.

ಈಗ ಜೋಡಿಸೋದು ಹೇಗೆ ಅಂತ ಹೇಳ್ತೀನಿ. ಮೊದಲ ಕೆಲಸ: ಮೋಟರ್‌ನಿಂದ ಪ್ರೊಪೆಲ್ಲರ್ ಬಿಚ್ಚಿಡಿ, ಬ್ಯಾಟರಿ ಕಳಚಿ. ಚಕ್ರದ ಕೆಲಸ ಮಾಡುವಾಗ ಕೈ ಇರೋದು ಪ್ರೊಪೆಲ್ಲರ್ ಪಕ್ಕದಲ್ಲೇ. ಬೆರಳಿನ ಬೆಲೆ ಬ್ಯಾಟರಿಗಿಂತ ಜಾಸ್ತಿ.

ತಂತಿಯನ್ನ ಇಕ್ಕಳದಲ್ಲಿ ಬಗ್ಗಿಸೋಕೆ ಹೋಗಬೇಡಿ, ಆಗಲ್ಲ. ನಾನು ಸಾಗರದ ಒಂದು ಲೇತ್ ಅಂಗಡಿಯಲ್ಲಿ ವೈಸ್‌ಗೆ ಸಿಕ್ಕಿಸಿ, ಸುತ್ತಿಗೇಲಿ ನಿಧಾನ ತಟ್ಟಿ ಬಗ್ಗಿಸಿದೆ. ಬೆಂಕಿಯಲ್ಲಿ ಕಾಯಿಸಬಾರದು, ಕಾಯಿಸಿದ್ರೆ ಸ್ಪ್ರಿಂಗ್ ಗುಣ ಹೋಗತ್ತೆ. ಒಂದೇ ಜಾಗದಲ್ಲಿ ಹಿಂದೆ ಮುಂದೆ ಬಗ್ಗಿಸಬಾರದು, ಬಿರುಕು ಬಿಡತ್ತೆ. ಕತ್ತರಿಸುವಾಗ ಕಣ್ಣಿಗೆ ಕನ್ನಡಕ ಹಾಕ್ಕೊಳ್ಳಿ, ತುಂಡು ಗುಂಡಿನ ಥರ ಹಾರತ್ತೆ. ನನ್ನ ಅಳತೆ ಇದು: ಮಧ್ಯದ ಚಪ್ಪಟೆ ಭಾಗ 6 ಸೆಂ.ಮೀ., ಎರಡೂ ಕಡೆ ಓರೆಯಾಗಿ ಇಳಿಯೋ ಕಾಲು 16 ಸೆಂ.ಮೀ., ತುದಿಯಲ್ಲಿ ಚಕ್ರಕ್ಕೆ 4 ಸೆಂ.ಮೀ. ಆಗ ಚಕ್ರದಿಂದ ಚಕ್ರಕ್ಕೆ ಸುಮಾರು 30 ಸೆಂ.ಮೀ. ಅಂತರ ಬರತ್ತೆ, ರೆಕ್ಕೆಯ ಅಗಲದ ಕಾಲು ಭಾಗ. ಅದಕ್ಕಿಂತ ತೀರಾ ಕಿರಿದಾದ್ರೆ ವಿಮಾನ ಪಕ್ಕಕ್ಕೆ ವಾಲಿ ರೆಕ್ಕೆ ಉಜ್ಜತ್ತೆ.

ಚಕ್ರಕ್ಕೆ ಹವಾಯಿ ಚಪ್ಪಲಿ! ಚಿಕ್ಕವರಿದ್ದಾಗ ಚಪ್ಪಲಿ ಕೊಯ್ದು ಗಾಡಿ ಮಾಡಿದೀವಲ್ಲ, ಅದೇ ವಿದ್ಯೆ. 7 ಸೆಂ.ಮೀ. ಅಗಲದ ಬಿಲ್ಲೆ ಕೊಯ್ದು, ನಡುವೆ ತಂತಿ ಸಡಿಲವಾಗಿ ತಿರುಗೋ ಅಂಥ ಪ್ಲಾಸ್ಟಿಕ್ ಕೊಳವೆ ಅಂಟಿಸಿ. ಹುಲ್ಲು, ಕೂಳೆ ಇರೋ ನೆಲಕ್ಕೆ ಚಕ್ರ ದೊಡ್ಡದಿರಬೇಕು. ಸಣ್ಣ ಚಕ್ರ ಪ್ರತಿ ಕೂಳೆಗೂ ಎಡವತ್ತೆ. ಚಕ್ರ ಉದುರದ ಹಾಗೆ ತಡೆಯೋಕೆ ಎಲೆಕ್ಟ್ರಿಕಲ್ ಅಂಗಡಿಯ ವೈರಿಂಗ್ ಕನೆಕ್ಟರ್ ತಗೊಳ್ಳಿ. ಪ್ಲಾಸ್ಟಿಕ್ ಸುಲಿದ್ರೆ ಒಳಗೆ ಸ್ಕ್ರೂ ಇರೋ ಪುಟ್ಟ ಹಿತ್ತಾಳೆ ಕೊಳವೆ ಸಿಗತ್ತೆ. ಅದನ್ನ ತಂತಿಗೆ ತೂರಿಸಿ ಬಿಗಿ ಮಾಡಿ. ಸ್ಕ್ರೂ ಕೂರೋ ಜಾಗದಲ್ಲಿ ತಂತಿಯನ್ನ ಅರದಲ್ಲಿ ಸ್ವಲ್ಪ ಚಪ್ಪಟೆ ಮಾಡಿದ್ರೆ ಜಾರಲ್ಲ. ಇನ್ನೊಂದು, ಮೇಲಿಂದ ನೋಡಿದಾಗ ಎರಡೂ ಚಕ್ರದ ಮುಂಭಾಗ ಒಂಚೂರು ಒಳಗೆ ತಿರುಗಿರಲಿ. ಹೊರಗೆ ತಿರುಗಿದ್ರೆ ವಿಮಾನ ನೇರ ಓಡಲ್ಲ.

ಕಾಲನ್ನ ಎಲ್ಲಿ ಕೂರಿಸೋದು? ಎರಡು ಪದ್ಧತಿ ಇದೆ. ನಮ್ಮ ಬೆಂಗಳೂರಿನಲ್ಲೇ ಎರಡಕ್ಕೂ ಉದಾಹರಣೆ ಸಿಗತ್ತೆ. ಎಚ್‌ಎಎಲ್‌ನಲ್ಲಿ ಡಾ. ವಿ.ಎಂ. ಘಾಟಗೆ ವಿನ್ಯಾಸ ಮಾಡಿದ ಎಚ್‌ಟಿ-2 ಅನ್ನೋ ತರಬೇತಿ ವಿಮಾನ 1951ರಲ್ಲಿ ಮೊದಲು ಹಾರ್ತು. ಅದಕ್ಕೆ ಮುಂದೆ ಎರಡು ಚಕ್ರ, ಬಾಲದಲ್ಲಿ ಒಂದು ಪುಟ್ಟ ಚಕ್ರ. ಎನ್‌ಎಎಲ್‌ನವರ ಹಂಸ ಹಾರಿದ್ದು 1993ರಲ್ಲಿ. ಅದಕ್ಕೆ ಮೂತಿಯ ಕೆಳಗೊಂದು ಚಕ್ರ, ಹಿಂದೆ ಎರಡು. ಡಾಂಬರು ರನ್‌ವೇಗೆ ಹಂಸದ ಪದ್ಧತಿ ಸುಲಭ. ಆದ್ರೆ ನಮ್ಮ ಗದ್ದೆ, ಹುಲ್ಲುಗಾವಲಿನಲ್ಲಿ ಮೂತಿ ಚಕ್ರ ಗುಳಿಗೆ ಸಿಕ್ಕಿ ಮುಗ್ಗರಿಸತ್ತೆ. ಅದಕ್ಕೆ ನಾನು ಎಚ್‌ಟಿ-2 ಪದ್ಧತಿಗೇ ಹೋದೆ.

ವಿಮಾನವನ್ನ ಎರಡು ಬೆರಳ ಮೇಲೆ ತೂಗಿ, ಅದು ಸಮವಾಗಿ ನಿಲ್ಲೋ ಜಾಗ ಗುರುತು ಮಾಡಿ. ಅದೇ ಗುರುತ್ವ ಕೇಂದ್ರ, ನಾವು ಸಿ.ಜಿ. ಅಂತೀವಿ. ಬಾಲಚಕ್ರದ ವಿಮಾನದಲ್ಲಿ ಮುಖ್ಯ ಚಕ್ರ ಈ ಗುರುತಿಗಿಂತ ಮುಂದೆ ಇರಬೇಕು, ನನ್ನದಕ್ಕೆ 6 ಸೆಂ.ಮೀ. ಮುಂದೆ. ಹಿಂದೆ ಹೋದ್ರೆ ಬ್ರೇಕ್ ಹಿಡಿದ ಸೈಕಲ್ ಥರ ಮೂತಿ ಮೇಲೆ ಬೀಳತ್ತೆ. ಮೂತಿ ಚಕ್ರ ಇದ್ರೆ ಉಲ್ಟಾ, ಮುಖ್ಯ ಚಕ್ರ ಗುರುತಿಗಿಂತ ಹಿಂದೆ.

ಇನ್ನು ಕೊನೆಯ, ಎಲ್ಲಕ್ಕಿಂತ ಮುಖ್ಯ ವಿಷಯ. ಅಂಟಿಸಬೇಡಿ. ಹೊಟ್ಟೆಯ ಕೆಳಗೆ 3 ಮಿ.ಮೀ. ಪ್ಲೈವುಡ್ ತುಂಡು ಎಪಾಕ್ಸಿಯಲ್ಲಿ ಕೂರಿಸಿ, ಭಾರ ಒಂದೇ ಕಡೆ ಬೀಳದೆ ಹರಡ್ಲಿ ಅಂತ. ಆ ಪ್ಲೈವುಡ್‌ನ ಹಿಂದೆ ಮುಂದೆ ದೇಹದ ಅಡ್ಡಕ್ಕೆ ಎರಡು ಬಿದಿರು ಕಡ್ಡಿ ತೂರಿಸಿ. ತಂತಿಯ ಚಪ್ಪಟೆ ಭಾಗಕ್ಕೆ ಇನ್ನೊಂದು ಪ್ಲೈವುಡ್ ಪಟ್ಟಿ ಬಿಗಿಯಾಗಿ ಕಟ್ಟಿ, ಅದನ್ನ ಕಡ್ಡಿಗಳಿಗೆ ರಬ್ಬರ್ ಬ್ಯಾಂಡ್‌ನಲ್ಲಿ ಬಿಗೀರಿ. ಸಾಧಾರಣ ಪೆಟ್ಟಿಗೆ ತಂತಿ ಬಗ್ಗತ್ತೆ. ಅದಕ್ಕೂ ಮೀರಿದ್ರೆ ರಬ್ಬರ್ ಬ್ಯಾಂಡ್ ಕಳಚಿ ಕಾಲು ಬೇರೆ ಆಗತ್ತೆ, ಹೊಟ್ಟೆ ಉಳಿಯತ್ತೆ. ಎಲ್ಲವನ್ನೂ ಗಟ್ಟಿ ಮಾಡೋಕೆ ಆಗಲ್ಲ. ಯಾವುದು ಮೊದಲು ಬಿಟ್ಟುಕೊಡಬೇಕು ಅಂತ ನಾವೇ ತೀರ್ಮಾನ ಮಾಡಬೇಕು. ಇಲ್ಲಾಂದ್ರೆ ಆ ತೀರ್ಮಾನವನ್ನ ನೆಲ ಮಾಡತ್ತೆ.

ಏಪ್ರಿಲ್‌ನಲ್ಲಿ ಮತ್ತೆ ಹಾರಿಸಿದೆ. ಈ ಸಲ ಶರಾವತಿ ಹಿನ್ನೀರಿನ ಬಯಲಲ್ಲಿ. ಲಿಂಗನಮಕ್ಕಿ ನೀರು ಬೇಸಿಗೇಲಿ ಇಳಿದಾಗ ನಮ್ಮ ತಾಲ್ಲೂಕಿನ ಕಡೆ ಹುಲ್ಲಿನ ಬಯಲು ಎದ್ದು ಬರತ್ತಲ್ಲ, ಅಲ್ಲಿ. 1964ರಲ್ಲಿ ಅಣೆಕಟ್ಟು ಮುಗಿಯೋಕೂ ಮುಂಚೆ ಅವೆಲ್ಲ ಯಾರದೋ ಗದ್ದೆ, ಯಾರದೋ ಊರು. ಈಗ ವರ್ಷಕ್ಕೆ ಕೆಲವು ತಿಂಗಳು ದನ ಮೇಯೋ ಜಾಗ. ಶಿವಮೊಗ್ಗದ ಸೊಗಾನೆಯಲ್ಲಿ 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆದ, ನಮ್ಮ ಕುಪ್ಪಳಿಯ ಕುವೆಂಪು ಹೆಸರಿನ ವಿಮಾನ ನಿಲ್ದಾಣದ ರನ್‌ವೇ 3,200 ಮೀಟರ್. ನನ್ನ ರನ್‌ವೇ 40 ಹೆಜ್ಜೆ. ಅಂದಹಾಗೆ, ವಿಮಾನ ನಿಲ್ದಾಣದ ಸುತ್ತಮುತ್ತ ಇದನ್ನೆಲ್ಲ ಹಾರಿಸೋ ಹಾಗಿಲ್ಲ. ಎಲ್ಲೇ ಹಾರಿಸೋಕೆ ಮುಂಚೆ ಡಿಜಿಟಲ್ ಸ್ಕೈ ನಕ್ಷೆ ನೋಡಿ. ಕಣ್ಣಿಗೆ ಕಾಣೋ ಅಷ್ಟು ದೂರದಲ್ಲೇ ಹಾರಿಸಿ, ಜನರ ತಲೆ ಮೇಲೆ ಬೇಡ.

ಮೊದಲ ಇಳಿತ ಚೆನ್ನಾಗಾಯ್ತು. ಎರಡನೇದೂ ಆಯ್ತು. ಮೂರನೇದಕ್ಕೆ ಗಾಳಿ ತಿರುಗಿ, ಗದ್ದೇಲಿ ಬಿದ್ದಿದ್ದಕ್ಕಿಂತ ಜೋರಾಗಿ ಬಿತ್ತು. ರಬ್ಬರ್ ಬ್ಯಾಂಡ್ ಚಿಮ್ಮಿ ಕಾಲು ಒಂದು ಕಡೆ ಹಾರ್ತು, ವಿಮಾನ ಹೊಟ್ಟೆ ಮೇಲೆ ಜಾರಿ ಹುಲ್ಲಿನಲ್ಲಿ ನಿಂತ್ಕೊಳ್ತು. ಓಡಿಹೋಗಿ ತಿರುಗಿಸಿ ನೋಡ್ತೀನಿ, ಒಂದು ಗೀರು ಬಿಟ್ರೆ ಏನಿಲ್ಲ.

ಅಪ್ಪಯ್ಯ ಅಷ್ಟು ಹೊತ್ತಿಗೆ ನಿಧಾನವಾಗಿ ಬಯಲು ದಾಟಿ, ಕಾಲನ್ನ ಹುಡುಕಿ ತಂದಿದ್ರು. ತಂತಿಯನ್ನ ಕೈಯಲ್ಲಿ ಹಿಡಿದು ಒಂದು ಸಲ ಅದುಮಿ ಬಿಟ್ರು. ಅದು ವಾಪಸ್ ತನ್ನ ಜಾಗಕ್ಕೆ ಬಂತು. “ಹಸಿ ಇದೆ” ಅಂದ್ರು. ಆಮೇಲೆ ಅಂಗಿ ಜೇಬಿಂದ ರಬ್ಬರ್ ಬ್ಯಾಂಡ್ ತೆಗೆದು ಕೊಟ್ರು. ಮನೆಯಿಂದ ಹೊರಡುವಾಗಲೇ ಹಾಕ್ಕೊಂಡು ಬಂದಿದ್ರು, ನನಗೆ ಗೊತ್ತೇ ಇರಲಿಲ್ಲ.

ಎರಡು ನಿಮಿಷದಲ್ಲಿ ಕಟ್ಟಿ ನಾಲ್ಕನೇ ಸಲ ಹಾರಿಸಿದ್ವಿ.

ಇವತ್ತಿಗೆ ಇಷ್ಟು. ನೀವೂ ವಿಮಾನ ಮಾಡ್ತಿದ್ರೆ ಕಾಲಿನಿಂದ ಶುರು ಮಾಡಿ.