ನೆರೆಯಲ್ಲಿ ಉಳಿದ ಪೈರು

ಭತ್ತ ನೀರಿನ ಬೆಳೆ; ಆದರೆ ನೀರೇ ಅದಕ್ಕೆ ಮೃತ್ಯುವೂ ಆಗಬಲ್ಲುದು. ಪೂರ್ತಿ ಮುಳುಗಿದ ಸಾಮಾನ್ಯ ಭತ್ತದ ಸಸಿ ಗಾಳಿಯನ್ನು ಅರಸಿ ಮೇಲಕ್ಕೆ ಚಾಚತೊಡಗುತ್ತದೆ. ಆ ಪ್ರಯತ್ನದಲ್ಲಿ ಕೂಡಿಟ್ಟ ಸತ್ತ್ವವೆಲ್ಲ ವೆಚ್ಚವಾಗಿ, ನೆರೆ ಇಳಿಯುವ ಹೊತ್ತಿಗೆ ನಿಲ್ಲಲಾರದೆ ಬೀಳುತ್ತದೆ. ಬದುಕುವ ಆತುರವೇ ಸಾವಿಗೆ ಕಾರಣವಾಗುವ ಈ ವಿಪರ್ಯಾಸಕ್ಕೆ ವಿಜ್ಞಾನ ಕಂಡುಕೊಂಡ ಪರಿಹಾರವನ್ನು ಕುರಿತು ನಾನು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಒಡಿಶಾದಲ್ಲಿ ಧಲಪುಟಿಯಾ ಎಂಬ ನಾಡತಳಿಯೊಂದಿತ್ತು. ಅದರಿಂದ ಆಯ್ದು ತೆಗೆದ ಎಫ್‌ಆರ್ 13ಎ ಎಂಬ ತಳಿ, ಮುಳುಗಿದೊಡನೆ ಬೆಳೆಯುವುದನ್ನೇ ನಿಲ್ಲಿಸಿ, ಸತ್ತ್ವವನ್ನು ಉಳಿಸಿಕೊಂಡು, ನೀರು ಇಳಿದ ಮೇಲೆ ಮತ್ತೆ ಚಿಗುರುತ್ತದೆ. ಸುಮಾರು ಎರಡು ವಾರದ ನೆರೆಯನ್ನು ಅದು ತಾಳಬಲ್ಲುದು. ಆದರೆ ಅದರ ಇಳುವರಿ ಕಡಿಮೆ. ಕಾಳಿನ ಗುಣವೂ ಸಾಧಾರಣ. ಇತ್ತ ಆಂಧ್ರದ ಮಾರುಟೇರಿನಲ್ಲಿ ಹುಟ್ಟಿದ ‘ಸ್ವರ್ಣ’ ಪೂರ್ವ ಭಾರತದ ರೈತರಿಗೆ ಅಚ್ಚುಮೆಚ್ಚಿನದು. ನೆರೆಗೆ ಮಾತ್ರ ಸೋಲುವಂಥದು. ಇಂಥ ಎರಡು ತಳಿಗಳನ್ನು ಕೂಡಿಸಿದಾಗ, ಬೇಕಾದ ಗುಣದ ಬೆನ್ನಿಗೆ ಬೇಡದ ಗುಣಗಳೂ ಬಂದುಬಿಡುತ್ತಿದ್ದವು.

ಈ ತೊಡಕನ್ನು ಬಿಡಿಸಿದ್ದು ಆನುವಂಶಿಕ ಗುರುತುಗಳು. ತಳಿಯಿಂದ ತಳಿಗೆ ಭೇದ ತೋರುವ ಡಿಎನ್‌ಎಯ ಸಣ್ಣ ತುಣುಕುಗಳಿಗೆ ಈ ಹೆಸರು. ಗುರುತು ತಾನೇ ಗುಣವಲ್ಲ. ಮನೆಯ ವಿಳಾಸ ಹೇಳುವಾಗ ನಾವು ಪಕ್ಕದ ಆಲದ ಮರವನ್ನು ತೋರಿಸುವುದಿಲ್ಲವೆ? ಅದೇ ಬಗೆ. ಕೆನಾಂಗ್ ಶು ಮತ್ತು ಡೇವಿಡ್ ಮ್ಯಾಕಿಲ್ 1996ರಲ್ಲಿ ಈ ಸಹನಶಕ್ತಿಯ ನೆಲೆಯನ್ನು ಒಂಬತ್ತನೆಯ ವರ್ಣತಂತುವಿನ ಮೇಲೆ ಗುರುತಿಸಿ ‘ಸಬ್1’ ಎಂದರು. ಅಲ್ಲಿರುವ ಸಬ್1ಎ ಎಂಬ ವಂಶವಾಹಿಯೇ ಈ ಶಕ್ತಿಯ ಮೂಲವೆಂಬುದು 2006ರಲ್ಲಿ ಪ್ರಕಟವಾಯಿತು.

ಶೋಧನೆಯ ಕ್ರಮ ಹೀಗೆ: ಎಳೆಯ ಎಲೆಯ ಚೂರಿನಿಂದ ಡಿಎನ್‌ಎ ತೆಗೆದು, ಗುರುತಿನ ತುಣುಕಿಗೆ ಯಂತ್ರದಲ್ಲಿ ಅಸಂಖ್ಯ ಪ್ರತಿಗಳನ್ನು ಮಾಡಿ, ಜೆಲ್ಲಿನಲ್ಲಿ ವಿದ್ಯುತ್ತಿನಿಂದ ಓಡಿಸಿದರೆ, ಉದ್ದಕ್ಕೆ ತಕ್ಕಂತೆ ಗೆರೆಗಳು ಮೂಡುತ್ತವೆ. ನೂರಾರು ಸಸಿಗಳಲ್ಲಿ ಸಬ್1 ಯಾವುದರಲ್ಲಿದೆ ಎಂದು ತಿಳಿಯಲು ಈಗ ನೆರೆ ಬರಬೇಕಾಗಿಲ್ಲ. ಸಬ್1 ಇರುವ, ಉಳಿದಂತೆ ಸ್ವರ್ಣಕ್ಕೆ ಅತಿ ಹತ್ತಿರವಾದ ಸಸಿಯನ್ನು ಆರಿಸಿ, ಮತ್ತೆ ಸ್ವರ್ಣದೊಡನೆ ಕೂಡಿಸುತ್ತ, ಫಿಲಿಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಎರಡು ಮೂರು ಮರುಸಂಕರಗಳಲ್ಲಿಯೇ ‘ಸ್ವರ್ಣ-ಸಬ್1’ ಪಡೆದರು. ಭಾರತದಲ್ಲಿ ಅದು 2009ರಲ್ಲಿ ಬಿಡುಗಡೆಯಾಯಿತು.

ಇದರ ಫಲ ಯಾರಿಗೆ? ನೆರೆಗೆ ತುತ್ತಾಗುವ ತಗ್ಗು ನೆಲ ಪರಿಶಿಷ್ಟ ಜಾತಿಯವರ ಪಾಲಿಗೆ ಹೆಚ್ಚಾಗಿ ಬಂದಿದೆಯೆಂದೂ, ಆದುದರಿಂದ ಈ ತಳಿಯ ಪ್ರಯೋಜನ ಅವರಿಗೆ ಅಧಿಕವೆಂದೂ 2013ರಲ್ಲಿ ಪ್ರಕಟವಾದ ಒಡಿಶಾದ ಅಧ್ಯಯನ ತಿಳಿಸಿತು. ಪ್ರಯೋಗಶಾಲೆಯ ವಿದ್ಯೆ ಹೀಗೆ ಬಡವನ ಗದ್ದೆಯನ್ನು ಮುಟ್ಟಿದ್ದು ಸಂತೋಷದ ಸಂಗತಿ.

ಆದರೂ ಒಂದು ಮಾತು ನನ್ನನ್ನು ಕಾಡುತ್ತದೆ. ಗುರುತನ್ನು ಕಂಡವರ ಹೆಸರುಗಳು ಗ್ರಂಥಸ್ಥವಾಗಿವೆ. ಧಲಪುಟಿಯಾವನ್ನು ತಲೆಮಾರುಗಳಿಂದ ಬಿತ್ತಿ ಉಳಿಸಿದ ರೈತರನ್ನು ಹೆಸರು ಹಿಡಿದು ಕರೆಯುವವರಿಲ್ಲ. ಗುರುತು ಗುಣವನ್ನು ಹುಡುಕಬಲ್ಲುದು, ಸೃಷ್ಟಿಸಲಾರದು. ಆದುದರಿಂದ ಇಳುವರಿ ಕಡಿಮೆಯೆಂದು ನಾಡತಳಿಗಳನ್ನು ಕೈಬಿಡುವ ಮುನ್ನ, ಅವುಗಳ ಬೀಜವನ್ನೂ, ಕಾಪಾಡಿದವರ ಊರು ಹೆಸರುಗಳನ್ನೂ ಜೋಪಾನ ಮಾಡುವುದು ನಮ್ಮ ಕರ್ತವ್ಯವೆಂದು ನಾನು ಭಾವಿಸುತ್ತೇನೆ.