ದೂರದ ತರಗತಿಯಲ್ಲಿ ವಿದ್ಯಾರ್ಥಿಯ ಪಾತ್ರ

ಭಾರತದ ಮೊದಲ ಮುಕ್ತ ವಿಶ್ವವಿದ್ಯಾಲಯ ಸ್ಥಾಪಿತವಾದದ್ದು ಹೈದರಾಬಾದಿನಲ್ಲಿ, 1982ರಲ್ಲಿ. ಆಂಧ್ರಪ್ರದೇಶ ಮುಕ್ತ ವಿಶ್ವವಿದ್ಯಾಲಯವೆಂದು ಆರಂಭವಾದ ಆ ಸಂಸ್ಥೆಗೆ 1991ರಲ್ಲಿ ಡಾ. ಬಿ. ಆರ್. ಅಂಬೇಡ್ಕರ್ ಅವರ ಹೆಸರನ್ನು ಇಡಲಾಯಿತು. ಉದ್ಯೋಗಸ್ಥರೂ ಗೃಹಿಣಿಯರೂ ಮನೆಯಲ್ಲಿಯೇ ಪಾಠಗಳನ್ನು ಓದಿ, ಅಧ್ಯಯನ ಕೇಂದ್ರಕ್ಕೆ ಬಂದು ಸಂಶಯ ಪರಿಹರಿಸಿಕೊಳ್ಳುವ ಏರ್ಪಾಡು ಅದು. ಪುಸ್ತಕವೊಂದೇ ಸಾಲದು, ಪ್ರಶ್ನೆ ಕೇಳಲು ಒಬ್ಬ ಅಧ್ಯಾಪಕರೂ ಬೇಕು ಎಂಬ ತಿಳಿವಳಿಕೆ ಆ ಕೇಂದ್ರಗಳ ಹಿಂದಿತ್ತು.

ಇಂದು ಸ್ನಾತಕೋತ್ತರ ಪಾಠಗಳೂ ಅಂತರಜಾಲದ ಮೂಲಕ ಮನೆಗೆ ಬರುತ್ತಿವೆ. ಕೇಂದ್ರ ಸರ್ಕಾರದ ‘ಸ್ವಯಂ’ ಯೋಜನೆ 2017ರಲ್ಲಿ ಆರಂಭವಾಯಿತು. ಅದರ ಪ್ರತಿಯೊಂದು ಪಾಠಕ್ರಮಕ್ಕೂ ನಾಲ್ಕು ಅಂಗಗಳಿವೆ: ದೃಶ್ಯಪಾಠ, ಓದುವ ಪಠ್ಯ, ಚರ್ಚೆ ಮತ್ತು ಸ್ವಯಂ ಪರೀಕ್ಷೆ. ಮೊದಲಿನ ಎರಡರಲ್ಲಿ ವಿದ್ಯಾರ್ಥಿ ಸುಮ್ಮನೆ ಕುಳಿತಿರಬಹುದು. ಉಳಿದೆರಡರಲ್ಲಿ ಹಾಗೆ ಕುಳಿತಿರಲು ಸಾಧ್ಯವಿಲ್ಲ. ಕಲಿಕೆಯ ಭಾರವೆಲ್ಲ ಬೀಳುವುದು ಇಲ್ಲಿಯೇ. ವಿದ್ಯಾರ್ಥಿ ಎಷ್ಟು ಹೊತ್ತು ಪಾಠದ ಮುಂದಿದ್ದ ಎಂಬುದನ್ನು ಗಣಕಯಂತ್ರ ಲೆಕ್ಕವಿಡಬಲ್ಲದು. ಆದರೆ ತೆರೆಯ ಮೇಲೆ ಉಪನ್ಯಾಸ ಸಾಗುತ್ತಿರುವಾಗ ಆತ ಅಡುಗೆಮನೆಯಲ್ಲಿ ಚಹಾ ಕಾಯಿಸುತ್ತಿದ್ದರೆ ಆ ಲೆಕ್ಕಕ್ಕೆ ಅರ್ಥವಿಲ್ಲ.

ಕೈಯಿಂದ ಮಾಡಿ ಕಲಿಯುವುದಕ್ಕೆ ಒಳ್ಳೆಯ ನಿದರ್ಶನವೂ ಹೈದರಾಬಾದಿನಲ್ಲಿಯೇ ಇದೆ. ಕೇಂದ್ರದ ನೆರವಿನಿಂದ ರೂಪುಗೊಂಡ ‘ವರ್ಚುವಲ್ ಲ್ಯಾಬ್ಸ್’ ಯೋಜನೆಯಲ್ಲಿ ಅಲ್ಲಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ ಪಾಲುಗೊಂಡಿದೆ. ನಮ್ಮ ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯೂ ಇದೆ. ಪ್ರಯೋಗಕ್ಕೆ ಮುಂಚೆ ಒಂದು ಕಿರುಪರೀಕ್ಷೆ, ಮುಗಿದ ಮೇಲೆ ಇನ್ನೊಂದು. ಹೈದರಾಬಾದಿನವರು ಸಿದ್ಧಪಡಿಸಿದ ಪ್ರಯೋಗಗಳಲ್ಲಿ ‘ಬಬಲ್ ಸಾರ್ಟ್’ ಒಂದು. ಸಂಖ್ಯೆಗಳ ಸಾಲೊಂದನ್ನು ಕಿರಿದರಿಂದ ಹಿರಿದಕ್ಕೆ ಜೋಡಿಸುವ ಕ್ರಮವಿದು. ಅಕ್ಕಪಕ್ಕದ ಎರಡನ್ನು ಹೋಲಿಸಬೇಕು. ಎಡಗಡೆಯದು ದೊಡ್ಡದಾಗಿದ್ದರೆ ಸ್ಥಳ ಬದಲಿಸಬೇಕು, ಇಲ್ಲವಾದರೆ ಮುಂದೆ ಸಾಗಬೇಕು. ಐದು ಸಂಖ್ಯೆಗಳಿದ್ದರೆ ಮೊದಲ ಸುತ್ತಿನ ನಾಲ್ಕು ಹೋಲಿಕೆಗಳಲ್ಲಿ ಎಲ್ಲಕ್ಕಿಂತ ದೊಡ್ಡ ಸಂಖ್ಯೆ, ನೀರಿನಲ್ಲಿ ಗುಳ್ಳೆ ಮೇಲೇರುವಂತೆ, ಕೊನೆಯ ಸ್ಥಾನ ಸೇರುತ್ತದೆ. ಉಪನ್ಯಾಸದಲ್ಲಿ ಇದನ್ನು ಹೇಳಿ ಮುಗಿಸಲು ಎರಡು ನಿಮಿಷ ಸಾಕು. ಕೇಳಿದವರೆಲ್ಲ ತಿಳಿಯಿತೆಂದೇ ಭಾವಿಸುತ್ತಾರೆ. ಬದಲಿಸಲೇ, ಮುಂದೆ ಹೋಗಲೇ ಎಂದು ಪ್ರತಿ ಹೆಜ್ಜೆಯಲ್ಲೂ ತಾವೇ ತೀರ್ಮಾನಿಸಬೇಕಾಗಿ ಬಂದಾಗ ತಿಳಿಯದೆ ಉಳಿದದ್ದು ಯಾವುದೆಂದು ಗೊತ್ತಾಗುತ್ತದೆ.

ಆದರೂ ತಪ್ಪು ಎಲ್ಲಿ ಆಯಿತೆಂದು ತೋರಿಸುವ ಯಂತ್ರ, ವಿದ್ಯಾರ್ಥಿ ಯಾವ ತಪ್ಪು ತಿಳಿವಳಿಕೆಯಿಂದ ಎಡವಿದನೆಂಬುದನ್ನು ಸಾಮಾನ್ಯವಾಗಿ ತಿಳಿಯಲಾರದು. ಅದಕ್ಕೆ ಚರ್ಚೆ ಬೇಕು. ಇಲ್ಲಿ ಭಾಷೆಯ ತೊಡಕೂ ಉಂಟು. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಬೀದರ, ಕಲಬುರಗಿ, ರಾಯಚೂರುಗಳಲ್ಲಿ ಕನ್ನಡದಲ್ಲಿ ಓದಿ ಬಂದವರು ಸ್ನಾತಕೋತ್ತರ ತರಗತಿಯಲ್ಲಿ ಇಂಗ್ಲಿಷಿನಲ್ಲಿ ಪ್ರಶ್ನೆ ಬರೆಯಲು ಹಿಂಜರಿದರೆ ಆಶ್ಚರ್ಯವಿಲ್ಲ. ಅವರ ಮೌನವನ್ನು ನಿರಾಸಕ್ತಿಯೆಂದು ಎಣಿಸುವುದು ಅನ್ಯಾಯ. ಮೊದಲ ವಾರದಲ್ಲಿಯೇ ಕನ್ನಡದಲ್ಲೋ ತೆಲುಗಿನಲ್ಲೋ ಕೇಳಬಹುದೆಂದು ಅಧ್ಯಾಪಕರು ತಿಳಿಸಿದರೆ ಆ ಸಂಕೋಚ ಬಹುಮಟ್ಟಿಗೆ ಕಳೆಯುತ್ತದೆ.

ಎರಡು ವಾರ ಹಿಂದುಳಿದ ವಿದ್ಯಾರ್ಥಿ ಮತ್ತೆ ಪಾಠಕ್ಕೆ ಮರಳುವುದು ಕಷ್ಟ. ಆದಕಾರಣ ಐದಾರು ಮಂದಿಯ ಸಣ್ಣ ಗುಂಪುಗಳನ್ನು ಮಾಡಿ, ವಾರಕ್ಕೊಂದು ಸಂಜೆ ಕಲೆತು ಲೆಕ್ಕ ಬಿಡಿಸುವ ಪದ್ಧತಿ ಹೆಚ್ಚು ಉಪಯುಕ್ತ. ಅಂದು ಬಾರದವನಿಗೆ ಗುಂಪಿನಲ್ಲೊಬ್ಬರು ದೂರವಾಣಿ ಮಾಡಿ ವಿಚಾರಿಸುತ್ತಾರೆ.