ಕಪಾಟಿನಲ್ಲಿ ಎಲ್ಲರ ಮನೆಯೂ ಇರಲಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ಶಾಲೆಯ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಸಮಿತಿಯವರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಮುಖ್ಯೋಪಾಧ್ಯಾಯರ ಕೋಣೆಯಲ್ಲಿದ್ದ ಕಬ್ಬಿಣದ ಕಪಾಟು. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಕನ್ನಡ ಮೇಷ್ಟ್ರು ಅದರ ಬೀಗ ತೆಗೆಯುತ್ತಿದ್ದರು. ಹತ್ತನೇ ತರಗತಿ ಮುಗಿಸುವಷ್ಟರಲ್ಲಿ ಅದರಲ್ಲಿದ್ದ ಕಥೆ ಪುಸ್ತಕಗಳನ್ನೆಲ್ಲ ನಾನು ಓದಿ ಮುಗಿಸಿದ್ದೆ. ಇಂದು ನಾನೂ ಒಬ್ಬ ಕನ್ನಡ ಶಿಕ್ಷಕಿ. ಅದಕ್ಕೆ ಆ ಕಪಾಟೇ ಕಾರಣ.

ನಾವು ಪಿಂಜಾರರು. ನನ್ನ ತಂದೆ ಹತ್ತಿ ಹಿಂಜಿ ಗಾದಿ, ದಿಂಬು ಹೊಲಿಯುತ್ತಿದ್ದರು. ಮನೆಯಲ್ಲಿ ನಮಾಜು ಇತ್ತು, ರೋಜಾ ಇತ್ತು. ಮಾತು ಮಾತ್ರ ಅಚ್ಚ ಕನ್ನಡ. ಕಪಾಟಿನ ಕಥೆಗಳಲ್ಲಿ ರಾಜರ ಅರಮನೆ ಇತ್ತು, ಮಲೆನಾಡಿನ ತೊಟ್ಟಿಮನೆ ಇತ್ತು, ಬೆಂಗಳೂರಿನ ಬಾಡಿಗೆ ಮನೆಯೂ ಇತ್ತು. ಗಾದಿ ಹೊಲಿಯುವ ಅಪ್ಪ, ಸೆಹರಿಗೆ ಎಬ್ಬಿಸುವ ಅವ್ವ ಇರುವ ಮನೆ ಮಾತ್ರ ಸಿಗಲಿಲ್ಲ. ಅದು ಶಾಲೆಯ ತಪ್ಪೂ ಅಲ್ಲ, ಮೇಷ್ಟ್ರ ತಪ್ಪೂ ಅಲ್ಲ. ಮಕ್ಕಳಿಗಾಗಿ ಅಂಥ ಪುಸ್ತಕಗಳು ಆಗ ಕನ್ನಡದಲ್ಲಿ ತೀರ ಕಡಿಮೆ ಇದ್ದವು. ನನಗೂ ಅದೊಂದು ಕೊರತೆ ಎನ್ನಿಸಿರಲಿಲ್ಲ. ಪುಸ್ತಕದೊಳಗೆ ಬರುವಂಥ ಮನೆ ನಮ್ಮದಲ್ಲ ಎಂದುಕೊಂಡು ಸುಮ್ಮನಿದ್ದೆ. ಮಗುವೊಂದು ಹಾಗೆ ಅಂದುಕೊಳ್ಳಬಾರದಿತ್ತು ಎಂಬುದು ತಿಳಿದದ್ದು ನಾನು ಶಿಕ್ಷಕಿಯಾದ ಮೇಲೆ.

ಈಗ ನಾನು ಮಾಡಿದ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಬೇಕು.

ಬೇರೆ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದಾಗ ಗ್ರಂಥಾಲಯದ ಹೊಣೆ ನನ್ನ ಪಾಲಿಗೆ ಬಂತು. ಒಂಬತ್ತನೇ ತರಗತಿಯ ಮುಸ್ಲಿಂ ಹುಡುಗಿಯೊಬ್ಬಳು ಚಿಕ್ಕಂದಿನ ನನ್ನ ಹಾಗೆಯೇ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದಳು. ನನಗೆ ಸಿಗದ್ದು ಇವಳಿಗಾದರೂ ಸಿಗಲಿ ಎಂದು ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕೊಟ್ಟೆ. 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿ ಅದು. ತಲಾಖಿನ ಸುಳಿಗೆ ಸಿಕ್ಕಿದ ನಾದಿರಾಳ ಕಥೆ. ನಾನು ಬಿ.ಎ. ಓದುವಾಗ ಒಂದೇ ರಾತ್ರಿಯಲ್ಲಿ ಅದನ್ನು ಮುಗಿಸಿ ಅತ್ತಿದ್ದೆ.

ಹುಡುಗಿ ಓದಿದಳು. ಅವಳಿಂದ ಅವಳ ಗೆಳತಿ ಇಸಿದುಕೊಂಡಳು. ಆಮೇಲೆ ತರಗತಿಯಲ್ಲಿ ಯಾರೋ, “ನಿಮ್ಮನ್ಯಾಗೂ ಹಿಂಗ ತಲಾಖ್ ಕೊಡ್ತಾರೇನು?” ಎಂದು ಕೇಳಿದರಂತೆ. ಅಂದಿನಿಂದ ಹುಡುಗಿ ಗ್ರಂಥಾಲಯಕ್ಕೆ ಬರುವುದನ್ನೇ ಬಿಟ್ಟಳು. ಒಂದು ದಿನ ಅವಳ ತಾಯಿ ಬಂದರು. ಜಗಳಕ್ಕೆ ಬಂದವರಲ್ಲ. ಪುಸ್ತಕವನ್ನು ಮೇಜಿನ ಮೇಲಿಟ್ಟು, “ಟೀಚರ್, ಇದರಾಗ ಬರದದ್ದು ಸುಳ್ಳಲ್ಲ. ಆದ್ರ ನನ್ನ ಮಗಳು ನಮ್ಮಂಥವರ ಮನಿ ಕಥಿ ಓದಿದ್ದು ಇದ ಮೊದಲು. ಮೊದಲನೇದ್ರಾಗನ ಮನಿ ಮುರೀಬೇಕೇನು?” ಎಂದರು.

ನನ್ನ ಬಳಿ ಉತ್ತರವಿರಲಿಲ್ಲ. ಕಾದಂಬರಿ ದೊಡ್ಡದು, ಅದನ್ನು ಬರೆದವರ ಧೈರ್ಯವೂ ದೊಡ್ಡದು. ತಪ್ಪಿದ್ದು ನನ್ನ ಆಯ್ಕೆಯಲ್ಲಿ. ಕಾಸರಗೋಡು ಸೀಮೆಯ ಒಂದು ಮನೆಯ ಕಥೆ ನಮ್ಮ ತರಗತಿಯಲ್ಲಿ ಎಲ್ಲ ಮುಸ್ಲಿಮರ ಕಥೆಯಾಗಿಬಿಟ್ಟಿತು. ಕಪಾಟಿನಲ್ಲಿ ಬೇರೆ ಕಥೆ ಇಲ್ಲದೆ ಹೋದದ್ದೇ ಅದಕ್ಕೆ ಕಾರಣ.

ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರ್ಣಿಕ ನುಡಿಯುತ್ತಾನೆ. ಅದು ಒಂದೇ ಒಂದು ಮಾತು. ಅದರಿಂದ ನಾವು ವರ್ಷದ ಮಳೆ, ಬೆಳೆ, ರಾಜಕೀಯ ಎಲ್ಲವನ್ನೂ ಅಳೆಯುತ್ತೇವೆ. ಕಾರ್ಣಿಕಕ್ಕೆ ಅದು ಸರಿ. ಆದರೆ ಒಂದು ಪುಸ್ತಕ ಹಿಡಿದು ಒಂದು ಜನವನ್ನು ಅಳೆಯಲಾಗದು. ಅವರ ಬಗ್ಗೆ ನಾಲ್ಕು ಪುಸ್ತಕವಾದರೂ ಬೇಕು, ಅದರಲ್ಲಿ ಒಂದಾದರೂ ನಗಿಸಬೇಕು.

ನಗಿಸುವ ಪುಸ್ತಕ ನನಗೆ ಸಿಕ್ಕಿದ್ದು ಮಲಯಾಳದಿಂದ. ವೈಕಂ ಮುಹಮ್ಮದ್ ಬಷೀರ್ 1959ರಲ್ಲಿ ಪ್ರಕಟಿಸಿದ ‘ಪಾತುಮ್ಮಳ ಆಡು’ ಕನ್ನಡಕ್ಕೂ ಬಂದಿದೆ. ಮನೆ ತುಂಬ ಜನ, ಮಕ್ಕಳ ಗಲಾಟೆ, ದುಡ್ಡಿನ ತಾಪತ್ರಯ. ಇವುಗಳ ನಡುವೆ ಸಿಕ್ಕಿದ್ದನ್ನೆಲ್ಲ ಮೇಯುವ ಒಂದು ಆಡು. ಕೊನೆಗೆ ಅದು ಬಷೀರರು ಬರೆದ ಪುಸ್ತಕಗಳನ್ನೂ ಬಿಡುವುದಿಲ್ಲ. ಇದರ ಕೆಲವು ಭಾಗಗಳನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದೆ. ಕುರಿ ಕಾಯುವ ಮನೆಯ ಹುಡುಗನೊಬ್ಬ ಎದ್ದು ನಿಂತು, “ಟೀಚರ್, ನಮ್ಮನಿ ಆಡೂ ನನ್ನ ಸಮಾಜ ಪುಸ್ತಕ ತಿಂದೈತ್ರೀ” ಎಂದ. ತರಗತಿಯೆಲ್ಲ ನಕ್ಕಿತು. ಆ ಹುಡುಗಿಯೂ ನಕ್ಕಳು. ಮರುವಾರ ಗ್ರಂಥಾಲಯಕ್ಕೆ ಬಂದು ಆ ಪುಸ್ತಕವನ್ನೇ ಕೇಳಿದಳು. ಅವಳಿಗಿಂತ ಮೊದಲೇ ಕುರಿಗಾಹಿ ಹುಡುಗ ಹೆಸರು ಬರೆಸಿದ್ದ.

ಅಮೆರಿಕದ ಪ್ರಾಧ್ಯಾಪಕಿ ರೂಡೀನ್ ಸಿಮ್ಸ್ ಬಿಷಪ್ 1990ರ ಒಂದು ಲೇಖನದಲ್ಲಿ ಮಕ್ಕಳ ಪುಸ್ತಕವನ್ನು ಕನ್ನಡಿಗೂ ಕಿಟಕಿಗೂ ಹೋಲಿಸಿದ್ದಾರೆ. ತನ್ನ ಮುಖ ಕಾಣುವುದು ಕನ್ನಡಿಯಲ್ಲಿ, ನೆರೆಮನೆ ಕಾಣುವುದು ಕಿಟಕಿಯಲ್ಲಿ. ಅಂದು ಆ ಹುಡುಗಿಗೆ ಕನ್ನಡಿಯಾದ ಪುಸ್ತಕವೇ ಆ ಹುಡುಗನಿಗೆ ಕಿಟಕಿಯಾಗಿತ್ತು.

ಅಂದಿನಿಂದ ಪುಸ್ತಕ ಆರಿಸುವಾಗ ಕೆಲವು ಸಂಗತಿಗಳನ್ನು ಗಮನಿಸುತ್ತೇನೆ. ಶಿಕ್ಷಕರಿಗೂ ತಂದೆತಾಯಿಗಳಿಗೂ ಉಪಯೋಗವಾದೀತೆಂದು ಹೇಳುತ್ತಿದ್ದೇನೆ.

ಮೊದಲನೆಯದು, ಕೊಡುವ ಮುನ್ನ ನಾನೇ ಪೂರ್ತಿ ಓದುತ್ತೇನೆ. ಕಥೆಯಲ್ಲಿ ಮುಸ್ಲಿಂ ಮಗು ಏನು ಮಾಡುತ್ತಿದೆ ಎಂದು ನೋಡುತ್ತೇನೆ. ಟೋಪಿ ಹಾಕಿ ಬಿರಿಯಾನಿ ತಿನ್ನುವುದಷ್ಟೇ ಅದರ ಕೆಲಸವಾಗಿದ್ದರೆ ಆ ಪುಸ್ತಕ ಸಾಲದು. ಅದು ಗಾಳಿಪಟ ಹಾರಿಸಲಿ, ಗಣಿತದಲ್ಲಿ ಫೇಲಾಗಲಿ, ತಂಗಿಯ ಜೊತೆ ಜಗಳವಾಡಲಿ.

ಎರಡನೆಯದು, ವಿವರ ಸರಿ ಇರಬೇಕು. ರಂಜಾನ್ ಬೇಸಿಗೆಯ ಹಬ್ಬ ಎಂದು ಬರೆದ ಪುಸ್ತಕವನ್ನು ನಾನು ಕೊಳ್ಳುವುದಿಲ್ಲ. ಅದು ಚಂದ್ರಮಾನದ ಲೆಕ್ಕ. ವರ್ಷಕ್ಕೆ ಸುಮಾರು 11 ದಿನ ಮುಂಚೆ ಬರುತ್ತ ಎಲ್ಲ ಕಾಲಗಳನ್ನೂ ಸುತ್ತುತ್ತದೆ. ಪ್ರವಾದಿಯವರ ಚಿತ್ರ ಬರೆಯುವುದನ್ನು ಮುಸ್ಲಿಂ ಮನೆಗಳು ಒಪ್ಪುವುದಿಲ್ಲ ಎಂಬುದೂ ಗೊತ್ತಿರಬೇಕು. ಅನುಮಾನ ಬಂದರೆ ತಾಯಂದಿರನ್ನೇ ಕೇಳಿ. ಕೇಳಿದರೆ ಯಾರೂ ಬೇಸರಪಡುವುದಿಲ್ಲ.

ಮೂರನೆಯದು, ವಯಸ್ಸು. ಪುಟ್ಟ ಮಕ್ಕಳಿಗೆ ಪ್ರಥಮ್ ಬುಕ್ಸ್‌ನ ಚಿತ್ರಪುಸ್ತಕಗಳಿವೆ. 2015ರಲ್ಲಿ ಶುರುವಾದ ಅವರ ಸ್ಟೋರಿವೀವರ್ ತಾಣದಲ್ಲಿ ಕಥೆಗಳನ್ನು ಮೊಬೈಲಿನಲ್ಲೇ ಉಚಿತವಾಗಿ ಓದಬಹುದು. ಅಲ್ಲಿ ಕನ್ನಡದ ಕಥೆಗಳೂ ಇವೆ, ಉರ್ದುವಿನವೂ ಇವೆ. ಮನೆಯಲ್ಲಿ ಉರ್ದು ಆಡಿ ಶಾಲೆಯಲ್ಲಿ ಕನ್ನಡ ಕಲಿಯುವ ಮಗುವಿಗೆ ಇದು ದೊಡ್ಡ ಅನುಕೂಲ. ಪ್ರೌಢಶಾಲೆಗೆ ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ’ ಇರಲಿ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆದ ಪುಸ್ತಕ. ಅದರಲ್ಲಿ ಮುಸ್ಲಿಂ ಮನೆಯ ಕಥೆ ಎಲ್ಲಿದೆ ಎಂದು ಕೇಳಬಹುದು. ಗಾಂಧಿಯ ಕಥೆಯನ್ನು ಮಹಮದ್ ಕುಂಞಿ ಎಂಬ ಹೆಸರಿನವರು ನಾಡಿನ ಮಕ್ಕಳಿಗೆಲ್ಲ ಹೇಳುತ್ತಿದ್ದಾರೆ ಎಂಬುದನ್ನು ಮಗು ಮುಖಪುಟದಲ್ಲಿ ನೋಡಿದರೂ ಸಾಕು. ‘ನಿತ್ಯೋತ್ಸವ’ದ ನಿಸಾರ್ ಅಹಮದ್ ಅವರನ್ನು ನಾವೆಲ್ಲ ಹಾಡಿಯೇ ಬೆಳೆದವರಲ್ಲವೇ?

ಕಾಲೇಜು ಮೆಟ್ಟಿಲೇರಿದವರಿಗೆ ಸಾರಾ ಅಬೂಬಕ್ಕರ್ ಇರಲಿ, ಬಾನು ಮುಷ್ತಾಕ್ ಇರಲಿ. ಹಾಸನದ ಬಾನು ಅವರ ಕನ್ನಡ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಊರಿನ ಹಿರಿಯರು ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿದ್ದ ರಹಮತ್ ತರೀಕೆರೆಯವರ ‘ಕರ್ನಾಟಕದ ಸೂಫಿಗಳು’ ಓದಬಹುದು. ನಮ್ಮ ಸೀಮೆಯಲ್ಲಿ ಮೊಹರಂ ಬಂದರೆ ಅಲಾಯಿ ಕುಣಿಯ ಸುತ್ತ ಯಾರೆಲ್ಲ ಕುಣಿಯುತ್ತಾರೆ ಎಂದು ಬಲ್ಲವರಿಗೆ ಆ ಪುಸ್ತಕ ಹತ್ತಿರವೆನಿಸುತ್ತದೆ.

‘ಚಂದ್ರಗಿರಿಯ ತೀರದಲ್ಲಿ’ಯನ್ನು ನಾನು ಕಪಾಟಿನಿಂದ ತೆಗೆಯಲಿಲ್ಲ. ಅದರ ಅಕ್ಕಪಕ್ಕ ಬೇರೆ ಪುಸ್ತಕಗಳನ್ನು ತಂದಿಟ್ಟೆ. ನನಗೆ ತೋಚಿದ ಪರಿಹಾರ ಅದೊಂದೇ.

ಕೊನೆಯದಾಗಿ ಒಂದು ಬೇಡಿಕೆ. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಬಂದಾಗ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಯಿತು. ಮಕ್ಕಳ ಹೆಸರು ಬರೆಸಿ, ಅದರಲ್ಲೂ ಹೆಣ್ಣುಮಕ್ಕಳ ಹೆಸರು ತಪ್ಪದೆ ಬರೆಸಿ. ನಮ್ಮ ಶಾಲೆಗೆ ನಾನು ಒಂದು ಟ್ರಂಕಿನಲ್ಲಿ 40 ಪುಸ್ತಕ ತಂದಿದ್ದೇನೆ. ನಾನು ಹೇಳಿದ ಪುಸ್ತಕಗಳಲ್ಲಿ ಈ ಮಕ್ಕಳ ವಯಸ್ಸಿಗೆ ಒಪ್ಪುವವು ಅದರಲ್ಲಿವೆ. ನಾನು ಹೇಳದ ಎಷ್ಟೋ ಮನೆಗಳ ಕಥೆಗಳೂ ಇವೆ. ಮುಖ್ಯೋಪಾಧ್ಯಾಯರಲ್ಲಿ ಒಂದೇ ವಿನಂತಿ: ಇವನ್ನು ಬೇರೆ ಸಾಲಿನಲ್ಲಿಟ್ಟು ಮೇಲೆ ಚೀಟಿ ಅಂಟಿಸಬೇಡಿ. ಉಳಿದ ಪುಸ್ತಕಗಳ ನಡುವೆಯೇ ಸೇರಿಸಿಬಿಡಿ. ಮುಂದಿನ ಜಾತ್ರೆಗೆ ಬಂದಾಗ ನಾನು ಎರವಲು ರಿಜಿಸ್ಟರ್ ನೋಡುತ್ತೇನೆ. ಯಾವ ಮನೆಯ ಮಗು ಯಾವ ಪುಸ್ತಕ ಒಯ್ದಿದೆ ಎಂದು ಓದುವ ಆಸೆ ನನಗೆ.